ರೊಟ್ಟಿಯ ಮನೆ ಹುಚ್ಚರ ಸಂತೆಯಾದ ಬಗೆ

ಸದನದಲ್ಲಿ ಗಲಾಟೆಯಾದ ಮರುದಿನ ಕನ್ನಡ ಪತ್ರಿಕೆಗಳು 'ಕೋಲಾಹಲ' ಎಂದು ತಲೆಬರಹ ಕೊಟ್ಟರೆ, ಇಂಗ್ಲಿಷ್ ಪತ್ರಿಕೆಗಳು ಆಗಾಗ 'ಬೆಡ್ಲಮ್' ಎನ್ನುತ್ತವೆ. ನಿಘಂಟಿನಲ್ಲಿ ಅದಕ್ಕೆ ಗದ್ದಲ, ಅಸ್ತವ್ಯಸ್ತ ಸ್ಥಿತಿ ಎಂಬ ಅರ್ಥಗಳಿವೆ. ಆದರೆ ಅದು ಮೂಲತಃ ಒಂದು ಆಸ್ಪತ್ರೆಯ ಹೆಸರು. ಆ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ.

ಹೆಸರಿನ ಬೇರು ಏಸು ಹುಟ್ಟಿದ ಬೇತ್ಲೆಹೇಮಿನಲ್ಲಿದೆ. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ 'ರೊಟ್ಟಿಯ ಮನೆ'. 1247ರಲ್ಲಿ ಲಂಡನ್ನಿನ ಬಿಷಪ್ಸ್‌ಗೇಟ್ ಬಳಿ ಆ ಊರಿನ ಹೆಸರಲ್ಲಿ ಒಂದು ಕ್ರೈಸ್ತ ಮಠ ಶುರುವಾಯಿತು. ಅದೇ ಮುಂದೆ ಆಸ್ಪತ್ರೆಯಾಯಿತು. 1403ರಲ್ಲಿ ತಪಾಸಣೆಗೆ ಬಂದವರಿಗೆ ಅಲ್ಲಿ ಬುದ್ಧಿ ಕದಡಿದ ಆರು ಗಂಡಸರು ಸಿಕ್ಕರು. 1547ರಲ್ಲಿ ಅದು ನಗರಾಡಳಿತದ ಕೈಸೇರಿತು. ಅಷ್ಟರಲ್ಲಿ ಬೆತ್ಲೆಹೆಮ್ ಜನರ ಬಾಯಲ್ಲಿ ಸವೆದು ಬೆತ್ಲೆಮ್ ಆಗಿ, ಬೆಡ್ಲಮ್ ಆಗಿತ್ತು. ಹದಿನೇಳನೆಯ ಶತಮಾನ ಮುಗಿಯುವ ಮೊದಲೇ ಎಲ್ಲಿ ಗದ್ದಲವಾದರೂ ಅದೇ ಮಾತು.

ಹೆಸರು ಕೆಟ್ಟಿದ್ದರೂ ಕಟ್ಟಡಕ್ಕೆ ಮಾತ್ರ ವೈಭವ ಬಂತು. 1676ರಲ್ಲಿ ಆಸ್ಪತ್ರೆ ಮೂರ್‌ಫೀಲ್ಡ್ಸ್‌ಗೆ ಹೋಯಿತು. ಕಟ್ಟಡದ ವಿನ್ಯಾಸ ರಾಬರ್ಟ್ ಹುಕ್‌ನದು: ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಓದುವಾಗ ಕೇಳಿದ ಅದೇ ಹುಕ್. ಮುಂಭಾಗ 500 ಅಡಿಗೂ ಉದ್ದ, ನೋಡಿದರೆ ಅರಮನೆ. ನಿಂತದ್ದು ಮಾತ್ರ ಕಸ ಕಲ್ಲು ತುಂಬಿ ಮುಚ್ಚಿದ್ದ ಹಳೆಯ ಕಂದಕದ ಮೇಲೆ. ಗೋಡೆಗಳು ಕ್ರಮೇಣ ಬಿರುಕುಬಿಟ್ಟವು. ಹೆಬ್ಬಾಗಿಲ ಮೇಲೆ ಸಿಬರ್ ಎಂಬ ಶಿಲ್ಪಿ ಕೆತ್ತಿದ ಎರಡು ಬೆತ್ತಲೆ ಮೂರ್ತಿಗಳು: ಮಂಕು ಹಿಡಿದವನೊಬ್ಬ, ಸರಪಳಿ ಬಿಗಿದ ಉನ್ಮತ್ತನೊಬ್ಬ.

ಆ ಮೂರ್ತಿಗಳ ಕೆಳಗೆ ಹಾದು ಜನ ಒಳಗಿನವರನ್ನು ನೋಡಲು ಹೋಗುತ್ತಿದ್ದರು. ಈಸ್ಟರ್, ಕ್ರಿಸ್ಮಸ್ ರಜೆಗಳಲ್ಲಂತೂ ನೂಕುನುಗ್ಗಲು. ಕಣ್ಣಾರೆ ಕಂಡವರ ಮನ ಕರಗಿ ಹುಂಡಿಗೆ ಕಾಸು ಬೀಳಲಿ ಎಂಬುದು ಆಡಳಿತದವರ ಲೆಕ್ಕ. ಕಾಸೂ ಬಿತ್ತು. ಜೊತೆಗೆ ಕೆಣಕುವವರು, ನಗುವವರು, ಜೇಬುಗಳ್ಳರು ಎಲ್ಲ ಬಂದರು. ಚಿತ್ರಕಾರ ಹೊಗಾರ್ತ್ 1735ರ ತನ್ನ ಚಿತ್ರದಲ್ಲಿ ರೋಗಿಗಳ ನಡುವೆ ಸಿಂಗರಿಸಿಕೊಂಡ ಇಬ್ಬರು ಹೆಂಗಸರನ್ನು ನಿಲ್ಲಿಸಿದ್ದಾನೆ. ಒಬ್ಬಳ ಕೈಲಿ ಬೀಸಣಿಗೆ. ಬೆಡ್ಲಮ್ಮಿನ ಗದ್ದಲದಲ್ಲಿ ರೋಗಿಗಳ ಪಾಲೆಷ್ಟು, ನೋಡಬಂದವರ ಪಾಲೆಷ್ಟು? ನಿಘಂಟು ಅದನ್ನು ಬಿಡಿಸಿ ಹೇಳುವುದಿಲ್ಲ.

1770ರಲ್ಲಿ ಚೀಟಿ ಇಲ್ಲದವರಿಗೆ ಪ್ರವೇಶ ನಿಂತಿತು. ನೋಡುವ ಕಣ್ಣುಗಳೂ ಇಲ್ಲವಾದವು; ಬಾಗಿಲು ಮುಚ್ಚಿದ ಮೇಲೆ ಒಳಗೆ ಕ್ರೌರ್ಯ ಕಡಿಮೆಯಾಗಲಿಲ್ಲ. 1814ರಲ್ಲಿ ಜೇಮ್ಸ್ ನಾರಿಸ್ ಎಂಬ ನಾವಿಕ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಬಿಗಿದು ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲಿ ಪತ್ತೆಯಾದ. ಹಾಗೇ ಹತ್ತು ವರ್ಷ ಕಳೆದಿತ್ತು. ಮರುವರ್ಷ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು.

ನಾವೇನೂ ಕಮ್ಮಿಯಿಲ್ಲ. ಗದ್ದಲ ಕಂಡರೆ 'ಹುಚ್ಚರ ಸಂತೆ' ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಈಗ ಗೆಳೆಯರನ್ನು ರೇಗಿಸಲು ನಿಮ್ಹಾನ್ಸ್ ಎಂದರೇ ಸಾಕು; ಉತ್ತರ ಕರ್ನಾಟಕದಲ್ಲಾದರೆ 'ಧಾರವಾಡಕ್ಕ ಕಳಸಬೇಕ್ ನೋಡು'.

ಬೆತ್ಲೆಮ್ ಆಸ್ಪತ್ರೆ 1930ರಿಂದ ಲಂಡನ್ನಿನ ಹೊರವಲಯದ ಬೆಕನ್‌ಹ್ಯಾಮ್‌ನಲ್ಲಿದೆ. ಮೂರ್‌ಫೀಲ್ಡ್ಸ್ ಬಿಟ್ಟ ಮೇಲೆ, ಇಲ್ಲಿಗೆ ಬರುವ ಮೊದಲು ಇದ್ದ ಇನ್ನೊಂದು ಕಟ್ಟಡದಲ್ಲೀಗ ಯುದ್ಧದ ವಸ್ತುಸಂಗ್ರಹಾಲಯ. ಹೊಸ ಜಾಗದಲ್ಲಿ ಆಸ್ಪತ್ರೆಯದ್ದೇ ಒಂದು ಮ್ಯೂಸಿಯಂ ಇದ್ದು, ಹೆಬ್ಬಾಗಿಲಿನ ಆ ಎರಡು ಮೂರ್ತಿಗಳು ಅದರ ಮೆಟ್ಟಿಲ ಬಳಿ ಇವೆ. ನೋಡಲು ಜನ ಬರುತ್ತಾರೆ.