ಅಪ್ಪನ ಕಿವಿಗೆ ಬೀಳದ ‘ಳ’

ನಮ್ಮ ಮಹಡಿ ಮನೆಗೆ ಬಿಹಾರದ ಒಂದು ಸಂಸಾರ ಬಾಡಿಗೆಗೆ ಬಂದು ಎರಡು ವರ್ಷವಾಯಿತು. ಮೈಸೂರಿಗೆ ಬಂದಾಗ ಮಗಳಿಗೆ ಮೂರು ವರ್ಷ, ಅಪ್ಪನಿಗೆ ಮೂವತ್ತನಾಲ್ಕು. “ನಿಮ್ದು ಯಾವ ಹಲ್ಲಿ ಸಾರ್?” ಅಂತ ಅವರು ಮೊದಲ ಸಲ ಕೇಳಿದಾಗ ನಾನು ಗೋಡೆ ನೋಡಿದ್ದೆ. ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಡಜನ್ ‘ರಸಬಾಲೆ’ ಕೇಳಿ ನಗೆಪಾಟಲಾದದ್ದೂ ಉಂಟು. ಮಗಳು ತಿದ್ದುತ್ತಾಳೆ: “ಪಾಪಾ, ಬಾಲೆ ಅಲ್ಲ, ಬಾಳೆ!” ಅವರು ಪಾಪ, “ನಾನೂ ಅದೇ ಹೇಳಿದ್ದು ಅಲ್ವಾ?” ಅನ್ನುತ್ತಾರೆ.

ಅದು ಸಮಜಾಯಿಷಿ ಅಲ್ಲ. ಅವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಅವರ ಹಿಂದಿಯಲ್ಲಿ ‘ಳ’ ಇಲ್ಲ. ನಾಲಿಗೆ ಹೊರಳದಿರುವುದು ಆಮೇಲಿನ ಮಾತು, ಮೊದಲು ಎಡವಿದ್ದು ಕಿವಿ.

ಕೂಸುಗಳ ಕಿವಿ ಹಾಗಲ್ಲ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಹಿಂದಿಯ ‘ತ’, ‘ಟ’ ಕೇಳಿಸಿದರು. ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿರುತ್ತದೆ. ಅದು ಬದಲಾದ ಕೂಡಲೇ ಕೂಸು ತಲೆ ತಿರುಗಿಸಿದರೆ ಪಕ್ಕದಲ್ಲಿ ಬೊಂಬೆ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಸರಿಯಾಗಿ ತಿರುಗಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಬೆರಳೆಣಿಕೆಯ ಕೂಸುಗಳಷ್ಟೇ! ನಮಗೆ ತಟ್ಟೆಯ ‘ತ’ ಬೇರೆ, ‘ಟ’ ಬೇರೆ ಅನ್ನುವುದು ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟ. ಒಂದು ವರ್ಷ ತುಂಬುವ ಮೊದಲೇ ಆ ಮಕ್ಕಳಿಗೆ ಅದು ಮಸುಕಾಗಿತ್ತು. ಮಿದುಳು ಜರಡಿ ಹಿಡಿಯುತ್ತದೆ. ಸುತ್ತಲಿನ ಮಾತಿನಲ್ಲಿ ಕೆಲಸಕ್ಕೆ ಬಾರದ ವ್ಯತ್ಯಾಸಗಳನ್ನು ಬಿಟ್ಟುಬಿಡುತ್ತದೆ. ಮೂರು ವರ್ಷಕ್ಕೆ ಆ ಜರಡಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಅದಕ್ಕೇ ಮಗಳು ಗೆದ್ದಳು.

ನಮ್ಮೂರಿನ ವಾಕ್ ಶ್ರವಣ ಸಂಸ್ಥೆಯವರು ಹಸುಗೂಸುಗಳಿಗೇ ಕಿವಿ ಪರೀಕ್ಷೆ ಮಾಡುವುದೂ ಇದೇ ಕಾರಣಕ್ಕೆ. ಈ ಮೊದಲ ತಿಂಗಳುಗಳು ಸುಮ್ನೆ ಕಳೆದುಹೋಗಬಾರದು.

ವ್ಯಾಕರಣದ ಗಡುವು ಇಷ್ಟು ಬಿಗಿಯಲ್ಲ. ಹರೆಯ ಬಂದ ಮೇಲೆ ಭಾಷೆ ತಾನಾಗಿ ಹತ್ತುವುದಿಲ್ಲ ಎಂದು ಎರಿಕ್ ಲೆನೆಬರ್ಗ್ 1967ರಲ್ಲಿ ವಾದಿಸಿದ್ದರು. ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿದ 2018ರ ಅಧ್ಯಯನವೊಂದು ಆ ಗೆರೆಯನ್ನು ಹದಿನೇಳರ ಆಸುಪಾಸಿಗೆ ತಳ್ಳಿತು. ಜಗಳ ಇನ್ನೂ ಮುಗಿದಿಲ್ಲ. ಪದಗಳಿಗಂತೂ ಗಡುವೇ ಇಲ್ಲ.

ಇನ್ನೊಂದು ವಿಷಯ. ಶುರುವಿನಲ್ಲಿ ದೊಡ್ಡವರೇ ಮುಂದಿರುತ್ತಾರೆ. ನೆದರ್ಲೆಂಡ್ಸ್‌ಗೆ ಹೋದ ಇಂಗ್ಲಿಷ್ ಭಾಷಿಕರ ಬಗ್ಗೆ 1978ರಲ್ಲಿ ಬಂದ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ ದೊಡ್ಡವರೂ ಹದಿಹರೆಯದವರೂ ಪುಟ್ಟ ಮಕ್ಕಳಿಗಿಂತ ಬೇಗ ಡಚ್ ಕಲಿತಿದ್ದರು. ನಮ್ಮ ಮಹಡಿಯಲ್ಲೂ ಹಾಗೇ. ಅಪ್ಪ ತಿಂಗಳೊಳಗೆ ‘ಎಷ್ಟು’, ‘ಬೇಡ’, ‘ಜಾಸ್ತಿ ಆಯ್ತು’ ಕಲಿತು ಆಟೋದವರ ಜೊತೆ ಚೌಕಾಸಿಗೆ ಇಳಿದಿದ್ದರು. ಮಗಳು ಮಾತೇ ಆಡದೆ ಅಮ್ಮನ ಸೆರಗು ಹಿಡಿದು ನಿಂತಿರುತ್ತಿದ್ದಳು.

ದೊಡ್ಡವರ ಕಿವಿಯನ್ನೂ ಸ್ವಲ್ಪ ಮಟ್ಟಿಗೆ ಪಳಗಿಸಬಹುದು. ಇಂಗ್ಲಿಷಿನ ‘ರ’, ‘ಲ’ ಗುರುತಿಸಲಾಗದ ಜಪಾನೀಯರಿಗೆ ಹಲವರ ದನಿಯಲ್ಲಿ ಅವನ್ನು ಕೇಳಿಸಿ, ಸರಿ-ತಪ್ಪು ಹೇಳುತ್ತಾ ಹೋದಾಗ ಸುಧಾರಣೆ ಕಂಡಿದೆ. ಹಾಗಾಗಿ ಈಗ ಸಂಜೆ ಹೊತ್ತು ನಮ್ಮ ಮೆಟ್ಟಿಲ ಮೇಲೆ ಪಾಠ. ನಾನು ‘ಹಳ್ಳಿ’ ಅಂದರೆ ಅವರು ಕೈ ಎತ್ತಬೇಕು, ‘ಹಲ್ಲಿ’ ಅಂದರೆ ಸುಮ್ಮನಿರಬೇಕು. ನನ್ನ ದನಿಗೆ ಹತ್ತಕ್ಕೆ ಏಳು ಸರಿ. ನನ್ನ ಹೆಂಡತಿ ಹೇಳಿದರೆ ಐದಕ್ಕೆ ಇಳಿಯುತ್ತದೆ. ಮಗಳು ಪಕ್ಕದಲ್ಲೇ ಕೂತು, ಅಪ್ಪನಿಗಿಂತ ಮೊದಲೇ ಕೈ ಎತ್ತಿಬಿಡುತ್ತಾಳೆ.