ಸರ್ಪಸುತ್ತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ

ಮೊದಲು ಸೊಂಟದ ಒಂದು ಪಕ್ಕದಲ್ಲಿ ಉರಿ. ಎರಡು ಮೂರು ದಿನ ಕಳೆದರೆ ಅಲ್ಲೇ ಚರ್ಮ ಕೆಂಪಾಗಿ, ಬೆಂದ ಸಬ್ಬಕ್ಕಿಯಂಥ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಟ್ಟಿ ಕಟ್ಟಿದ ಹಾಗೆ. ಮನೆಯಲ್ಲಿ ಹಿರಿಯರಿದ್ದರೆ ನೋಡಿದ ಕೂಡಲೇ ಹೇಳುತ್ತಾರೆ: ಸರ್ಪಸುತ್ತು. ತಲೆ ಬಾಲ ಸೇರಿದರೆ ಜೀವಕ್ಕೇ ಅಪಾಯ, ಬೇಗ ಕೆಮ್ಮಣ್ಣು ಹಚ್ಚಿಸಿ!

ಸಾಮಾನ್ಯವಾಗಿ ಅದು ಸೇರುವುದೇ ಇಲ್ಲ. ಬೆನ್ನುಹುರಿಯಿಂದ ನರಗಳು ಎಡಕ್ಕೊಂದು ಬಲಕ್ಕೊಂದು ಹೊರಡುತ್ತವೆ. ಒಂದೊಂದರ ಪಾಲಿಗೆ ಅರ್ಧ ಮೈಯ ಒಂದು ಪಟ್ಟಿ ಅಷ್ಟೇ. ಗುಳ್ಳೆಗಳು ಒಂದೇ ನರದ ದಾರಿ ಹಿಡಿದು ಬರುವುದರಿಂದ ಮೈಯ ನಡುಗೆರೆಯ ಹತ್ತಿರ ನಿಂತುಬಿಡುತ್ತವೆ. ಗಟ್ಟಿಮುಟ್ಟಾದವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿಯೇ ಒಣಗುತ್ತವೆ. ಹೆಸರು ಮಾತ್ರ ಕೆಮ್ಮಣ್ಣಿಗೆ.

ನನಗೆ ಭಯ ಇರುವುದು ಉಳಿದವರ ಬಗ್ಗೆ. ಕೀಮೋ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುವವರು. ಇವರ ಮೈಯಲ್ಲಿ ಈ ಕಾಯಿಲೆ ತರುವ ವೈರಸ್ಸನ್ನು ತಡೆಯುವ ಕಾವಲು ಸಡಿಲ. ಅದು ಮೈಯೆಲ್ಲ ಹರಡಬಹುದು, ಶ್ವಾಸಕೋಶ, ಲಿವರ್, ಮಿದುಳಿಗೂ ಇಳಿಯಬಹುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೊವಿರ್‌ನಂಥ ಔಷಧಿ ಶುರುವಾದರೆ ಒಳ್ಳೆಯದು. ಇಂಥವರಿಗೆ ತಡವಾದರೂ ಕೊಡಲೇಬೇಕು. ಆ ಮೊದಲ ಮೂರು ದಿನ ಕೆಮ್ಮಣ್ಣಿಗೆ ಹೋದರೆ ಎಷ್ಟು ದೊಡ್ಡ ನಷ್ಟ, ಅಲ್ವಾ?

ಇದು ಹೊರಗಿನಿಂದ ಬಂದ ಕಾಯಿಲೆಯೂ ಅಲ್ಲ, ಯಾವ ನಾಗದೋಷವೂ ಅಲ್ಲ. ಚಿಕ್ಕಂದಿನಲ್ಲಿ 'ಅಮ್ಮ' ಎದ್ದಿತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಇದು. ಅಂದಿನಿಂದ ನರದ ಬುಡದಲ್ಲಿ ಮಲಗಿತ್ತು. ಇಂಗ್ಲೆಂಡಿನ ಹೋಪ್-ಸಿಂಪ್ಸನ್ ಎಂಬ ಡಾಕ್ಟರು 1965ರಲ್ಲೇ ಹೀಗೆ ವಾದಿಸಿದ್ದರು. ಊರಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಾಮಾನ್ಯ ವೈದ್ಯರು ಅವರು! ಅಣುಮಟ್ಟದ ಸಾಕ್ಷಿ ಸಿಕ್ಕಿದ್ದು 1984ರಲ್ಲಿ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಮ್ಮಿಯಿದ್ದ ಒಬ್ಬ ರೋಗಿಗೆ ಮೊದಲು ಚಿಕನ್‌ಪಾಕ್ಸ್, ಆಮೇಲೆ ಸರ್ಪಸುತ್ತು ಬಂತು. ಎರಡು ಸಲವೂ ಸಿಕ್ಕ ವೈರಸ್ಸಿನ ಡಿಎನ್‌ಎ ಕತ್ತರಿಸಿ ನೋಡಿದರೆ ತುಂಡುಗಳು ತಾಳೆಯಾದವು.

ದುರ್ಬಲರಲ್ಲಿ ಇದನ್ನು ಕಣ್ಣಿನಿಂದಷ್ಟೇ ಗುರುತಿಸುವುದು ಕಷ್ಟ. ಕೆಲವರಲ್ಲಿ ಗುಳ್ಳೆ ನರುಲಿಯ ಹಾಗೆ ಗಟ್ಟಿಯಾಗಿರುತ್ತದೆ. ಕೆಲವೊಮ್ಮೆ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಬೇರೆ ವೈರಸ್ಸಿನ ಹುಣ್ಣೂ ಹೀಗೇ ಕಾಣುತ್ತದೆ. ಆಂಟಿಬಾಡಿ ಪರೀಕ್ಷೆಯಿಂದಲೂ ಹೆಚ್ಚು ಪ್ರಯೋಜನವಿಲ್ಲ, ಹಿಂದೆ ಅಮ್ಮ ಎದ್ದವರ ರಕ್ತದಲ್ಲಿ ಸಾಮಾನ್ಯವಾಗಿ ಆಂಟಿಬಾಡಿ ಇದ್ದೇ ಇರುತ್ತದೆ.

ಆಗ ಬೇಕಾಗುವುದು ಪಿಸಿಆರ್, ಅಂದರೆ ವೈರಸ್ಸಿನ ಡಿಎನ್‌ಎಯನ್ನು ಪ್ರತಿ ಮಾಡಿ ಮಾಡಿ ಹೆಚ್ಚಿಸಿ ಪತ್ತೆ ಹಚ್ಚುವ ಪರೀಕ್ಷೆ. ಗುಳ್ಳೆಯ ಬುಡವನ್ನು ಸ್ವಾಬ್‌ನಿಂದ ಉಜ್ಜಿ ತೆಗೆಯುತ್ತಾರೆ. ಒಣಗಿದ ಹಕ್ಕಳೆಯೂ ಆಗುತ್ತದೆ. ಈ ವೈರಸ್ಸಿನ ಡಿಎನ್‌ಎ ಸುಮಾರು 1,25,000 ಅಕ್ಷರ ಉದ್ದ. ಅದರ ಇಪ್ಪತ್ತು ಅಕ್ಷರದ ಒಂದು ತುಣುಕಿಗೆ ಮಾತ್ರ ಅಂಟುವ ಪುಟ್ಟ ಡಿಎನ್‌ಎ ಚೂರು, ಅಂದರೆ ಪ್ರೈಮರ್, ಮಾಡಿಟ್ಟಿರುತ್ತಾರೆ. ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಿದ ಹಾಗೆ, ಆ ಹೆಸರಿನವರು ಮಾತ್ರ ಓಗೊಡುತ್ತಾರೆ. ಅದೇ ಹೆಸರಿನವರು ಇನ್ನೊಬ್ಬರು ಇರಬಾರದೇ? ಡಿಎನ್‌ಎಯಲ್ಲಿರುವ ನಾಲ್ಕೇ ಅಕ್ಷರ ಬಳಸಿದರೂ ಇಪ್ಪತ್ತಕ್ಷರದ ಹೆಸರುಗಳು ಒಂದು ಲಕ್ಷ ಕೋಟಿಗೂ ಜಾಸ್ತಿ ಆಗುತ್ತವೆ. ಸಾಲದ್ದಕ್ಕೆ ಪ್ರೈಮರ್ ಎರಡು, ಆ ಕೊನೆಗೊಂದು ಈ ಕೊನೆಗೊಂದು. ಮಗುವಿನ ಹೆಸರಿನ ಜೊತೆ ಅಪ್ಪನ ಹೆಸರೂ ಕೂಗಿದ ಹಾಗೆ.

ಸುಮಾರು 95 ಡಿಗ್ರಿ ಬಿಸಿಗೆ ಡಿಎನ್‌ಎ ಜಿಪ್ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಆರಿಸಿದರೆ ಪ್ರೈಮರ್ ಅಂಟುತ್ತದೆ, ಕಿಣ್ವ ಅಲ್ಲಿಂದ ಪ್ರತಿ ಬರೆಯುತ್ತದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಮೂವತ್ತು ಸುತ್ತಿಗೆ ಒಂದೇ ಪ್ರತಿ 107 ಕೋಟಿ! ಚಮಚ ಹೆಪ್ಪು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುವುದಿಲ್ಲವೇ, ಹಾಗೆ. ಅಷ್ಟು ಬಿಸಿಗೆ ನಮ್ಮ ಮೈಯ ಕಿಣ್ವವಾದರೆ ಬೆಂದ ಮೊಟ್ಟೆಯ ಗತಿ ಕಾಣುತ್ತಿತ್ತು. ಇದು ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ. 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಹುಡುಕಿದ್ದು. ಕಾಯಿಲೆ ಪತ್ತೆಗೆ ಬೇಕು ಅಂತ ಹೋದವರಲ್ಲ, ಬಿಸಿನೀರಲ್ಲಿ ಯಾವ ಜೀವ ಬದುಕುತ್ತದೆ ಎಂಬ ಕುತೂಹಲ ಅಷ್ಟೇ.

ಕೊಳವೆಗೆ ಹೊಳೆಯುವ ಬಣ್ಣ ಬೆರೆಸಿರುತ್ತಾರೆ, ಪ್ರತಿ ಹೆಚ್ಚಿದಂತೆ ಅದರ ಬೆಳಕು ಹೆಚ್ಚುತ್ತದೆ. ಎಷ್ಟನೇ ಸುತ್ತಿಗೆ ಬೆಳಕು ಕಂಡಿತು ಎಂದು ಯಂತ್ರ ಗುರುತಿಸುತ್ತದೆ. ಬೇಗ ಕಂಡರೆ ವೈರಸ್ ಜಾಸ್ತಿ. ಅಸ್ಥಿಮಜ್ಜೆ ಕಸಿಯಾದವರಲ್ಲಿ ಒಮ್ಮೊಮ್ಮೆ ಈ ವೈರಸ್ ಕರುಳಿನ ಕಡೆ ಏಳುತ್ತದೆ. ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಾರೆ, ಮೈಮೇಲೆ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಅದು ಏಳುವುದಕ್ಕೆ ಇನ್ನೂ ದಿನಗಳಿವೆ. ಅಷ್ಟರೊಳಗೇ ಅವರ ರಕ್ತ ಹಾಕಿದ ಪುಟ್ಟ ಕೊಳವೆಯಲ್ಲಿ ಬೆಳಕು ಕಾಣಿಸುತ್ತದೆ.