ಸ್ವಸ್ಥತಾ ಪ್ರಾರ್ಥನೆ: ಹಾಸಿಗೆಯ ಪಕ್ಕದಿಂದ ವೇದಿಕೆಗೆ, ಅಲ್ಲಿಂದ ಮತ್ತೆ ಮನೆಗೆ

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನಾವೇ ಕೈಯಿಟ್ಟು ಪ್ರಾರ್ಥಿಸಬಹುದಾ, ಇಲ್ಲ ಗುಣಪಡಿಸುವ ವರ ಪಡೆದವರನ್ನು ಹುಡುಕಿಕೊಂಡು ಹೋಗಬೇಕಾ? ಗುಣವಾಗದಿದ್ದರೆ ನಂಬಿಕೆ ಸಾಲದು ಅಂತ ಅರ್ಥವಾ? ಮಾತ್ರೆ ನುಂಗಿದರೆ ಅಪನಂಬಿಕೆಯಾ? ಒಂದೇ ಕ್ರೈಸ್ತ ಸಭೆಯಲ್ಲಿ ಈ ಪ್ರಶ್ನೆಗಳಿಗೆ ನಾಲ್ಕು ಥರದ ಉತ್ತರ ಸಿಗುತ್ತದೆ. ಒಂದೊಂದು ಉತ್ತರವೂ ಒಂದೊಂದು ಕಾಲದಲ್ಲಿ ಹುಟ್ಟಿದ್ದು. ಗೋಜಲು ಅದಕ್ಕೇ.

ಮೊದಲು ವಿಷಯ ಸರಳವಾಗಿತ್ತು. ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುತ್ತದೆ ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ. ಎರಡು ವಚನ ದಾಟಿದರೆ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂಬ ಮಾತೂ ಇದೆ. ನಂಬಿಕೆಯಿಂದ ಪ್ರಾರ್ಥಿಸುವ ಹೊಣೆ ಇಲ್ಲಿ ಬಂದವರ ಮೇಲಿದೆ, ಹಾಸಿಗೆ ಹಿಡಿದವರ ಮೇಲಲ್ಲ. ಇದನ್ನು ನಾವು ಎಷ್ಟು ಸುಲಭವಾಗಿ ಮರೆತುಬಿಡುತ್ತೇವೆ!

ಮುಂದಿನ ಶತಮಾನಗಳಲ್ಲಿ ಆ ಎಣ್ಣೆ ಪಾದ್ರಿಗಳ ಕೈಸೇರಿ ಸಾಯುವವರಿಗೇ ಮೀಸಲಾಯಿತು. ಕಥೋಲಿಕ ಸಭೆ ಅದನ್ನು ಮತ್ತೆ ರೋಗಿಗಳ ಕಡೆ ತಿರುಗಿಸಿದ್ದು 1972ರಲ್ಲಿ. ಗುಣಪಡಿಸುವ ವರ ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ, ಕಾಲಕ್ಕೇ ಮುಗಿಯಿತು ಎಂದು 16ನೇ ಶತಮಾನದ ಸುಧಾರಕ ಕ್ಯಾಲ್ವಿನ್ ಬರೆದರು, ಬಹಳಷ್ಟು ಪ್ರಾಟೆಸ್ಟಂಟ್ ಸಭೆಗಳು ಅದನ್ನೇ ಹಿಡಿದುಕೊಂಡವು. 19ನೇ ಶತಮಾನದಲ್ಲಿ ಜರ್ಮನಿಯ ಸಭಾಪಾಲಕ ಬ್ಲೂಮ್‌ಹಾರ್ಟ್, ಸ್ವಿಟ್ಜರ್ಲೆಂಡಿನ ಡೊರೊಥಿಯಾ ಟ್ರುಡೆಲ್ ರೋಗಿಗಳನ್ನು ಜೊತೆಯಲ್ಲಿಟ್ಟುಕೊಂಡು ಪ್ರಾರ್ಥಿಸಿದರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಉಜ್ಜೀವನ ಬಂತು, ಪೆಂಟೆಕೋಸ್ಟಲ್ ಚಳವಳಿ ಹರಡಿದ್ದು ಅಲ್ಲಿಂದ. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಸ್ವಸ್ಥತಾ ಕೂಟಗಳಿಗೆ ದೊಡ್ಡ ಡೇರೆಗಳು ಎದ್ದವು, ಹಿಂದೆಯೇ ಟಿವಿ ಬಂತು. ಅಲ್ಲಿ ಗುಣವಾದವರೂ ಇದ್ದಾರೆ, ಅವರ ಸಾಕ್ಷಿಯನ್ನು ತಳ್ಳಿಹಾಕಲಾಗದು. ಆದರೆ ಪ್ರಾರ್ಥಿಸುವುದು ಒಬ್ಬರ ಕೆಲಸ, ನೋಡುವುದು ಸಾವಿರಾರು ಜನರ ಕೆಲಸ ಎಂಬ ರೂಢಿಯೂ ಅಲ್ಲಿಂದಲೇ ಬೆಳೆಯಿತು.

ಅದು ತಿರುಗಿದ್ದು 1970, 80ರ ದಶಕಗಳಲ್ಲಿ. ಆಗ ಕಥೋಲಿಕ ಪಾದ್ರಿಯಾಗಿದ್ದ ಫ್ರಾನ್ಸಿಸ್ ಮ್ಯಾಕ್‌ನಟ್, ಗಂಡ ಹೆಂಡತಿಗಾಗಿ, ತಂದೆತಾಯಿ ಮಕ್ಕಳಿಗಾಗಿ ಪ್ರಾರ್ಥಿಸಬೇಕು ಎಂದು ಕಲಿಸಿದರು. ಕ್ಯಾಲಿಫೋರ್ನಿಯಾದ ಸಭಾಪಾಲಕ ಜಾನ್ ವಿಂಬರ್ 1982ರಲ್ಲಿ ಫುಲ್ಲರ್ ಸೆಮಿನರಿ ಎಂಬ ದೇವಶಾಸ್ತ್ರ ಕಾಲೇಜಿನಲ್ಲಿ ಪಾಠ ಶುರುಮಾಡಿದರು. ಪಾಠ ಮುಗಿದ ಮೇಲೆ ಅಲ್ಲೇ ಪ್ರಾರ್ಥನೆ ನಡೆಯುತ್ತಿತ್ತು. ಅವರು ಕಲಿಸಿದ್ದು ಐದು ಹೆಜ್ಜೆ. ಮೊದಲು ಕೇಳಬೇಕು: ಎಲ್ಲಿ ನೋವು, ಯಾವಾಗಿನಿಂದ? ಆಮೇಲೆ ಇದರ ಹಿಂದೆ ಏನಿದೆ ಎಂದು ದೇವರ ಕಡೆಗೂ ಕಿವಿಗೊಡಬೇಕು. ಯಾವ ರೀತಿ ಪ್ರಾರ್ಥಿಸಬೇಕೆಂದು ತೀರ್ಮಾನಿಸಿ, ಪ್ರಾರ್ಥಿಸಬೇಕು. ಕಣ್ಣು ತೆರೆದೇ ಇರಬೇಕು, ಎದುರಿರುವವರ ಮುಖ ನೋಡುತ್ತಿರಬೇಕು. ಮಧ್ಯೆ ನಿಲ್ಲಿಸಿ, "ಈಗ ಹೇಗಿದೆ?" ಅಂತ ಕೇಳಬೇಕು. ಏನೂ ಬದಲಾಗಿಲ್ಲ ಅಂದರೆ ಅದೂ ಉತ್ತರವೇ, ಮತ್ತೆ ಪ್ರಾರ್ಥಿಸಬಹುದು. ಕೊನೆಯ ಹೆಜ್ಜೆ, ಮುಂದೇನು ಮಾಡಬೇಕೆಂದು ಹೇಳುವುದು. ಕಿರುಚಾಟವಿಲ್ಲ, ತಳ್ಳಾಟವಿಲ್ಲ. ಅಡುಗೆಮನೆಯಲ್ಲೂ ಮಾಡಬಹುದಾದ ಪ್ರಾರ್ಥನೆ ಅಲ್ವಾ ಇದು?

ಗುಣವಾಗದ ನೋವೂ ಆ ತಲೆಮಾರಿಗೆ ಗೊತ್ತಿತ್ತು. ವಿಂಬರ್‌ರ ಆಪ್ತ ಗೆಳೆಯ, ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಡೇವಿಡ್ ವಾಟ್ಸನ್, ಎಷ್ಟೋ ಜನ ಪ್ರಾರ್ಥಿಸಿದರೂ 1984ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಿಂಬರ್ ಕೂಡ ಹೃದ್ರೋಗ, ಕ್ಯಾನ್ಸರ್ ಎರಡನ್ನೂ ಕಂಡು 1997ರಲ್ಲಿ ಹೋದರು. ಇವರಿಗೆ ನಂಬಿಕೆ ಕಡಿಮೆಯಿತ್ತು ಎನ್ನಲು ಯಾರಿಗೆ ಬಾಯಿ ಬರುತ್ತದೆ?

2006ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹೊರಬಂತು. ಹೃದಯದ ಬೈಪಾಸ್ ಆದ 1,802 ಜನರಲ್ಲಿ, ಪ್ರಾರ್ಥನೆಯಿಂದ ತೊಂದರೆಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಂದರೆ 59 ಶೇಕಡಾ, ನಡೆಯುತ್ತಿದೆಯೋ ಇಲ್ಲವೋ ಎಂಬ ಖಚಿತವಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ 52. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲಿ ಪ್ರಾರ್ಥಿಸಿದವರು ದೂರದ ಅಪರಿಚಿತರು. ಪಕ್ಕದಲ್ಲಿ ಕೂತು ಕೈ ಹಿಡಿದು "ಈಗ ಹೇಗಿದೆ?" ಎನ್ನುವ ಪ್ರಾರ್ಥನೆಯನ್ನು ಆ ಅಧ್ಯಯನ ಅಳೆಯಲಿಲ್ಲ.

ಈಗ ಎಷ್ಟೋ ಸಭೆಗಳ ಪ್ರಾರ್ಥನಾ ತಂಡಗಳಿಗೆ ನಿಯಮಗಳಿವೆ: ಕೇಳದೆ ಮುಟ್ಟಬೇಡಿ, ಔಷಧಿ ನಿಲ್ಲಿಸಿ ಅನ್ನಬೇಡಿ, ಗುಣವಾಗದಿದ್ದರೆ ರೋಗಿಯ ಮೇಲೆ ತಪ್ಪು ಹೊರಿಸಬೇಡಿ. ಇನ್ನೂ ಸರಿಯಾಗಿ ಸಾಗದಿರುವುದು ವರ್ಷಗಟ್ಟಲೆ ನರಳುವವರ ವಿಷಯ. ಮೊದಲ ವಾರ ಎಲ್ಲರೂ ಬರುತ್ತಾರೆ, ಆರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಇಂಥವರಿಗೆ ಒಂದು ಸಲದ ಪ್ರಾರ್ಥನೆ ಸಾಲದು, ಸ್ವಲ್ಪ ಸ್ವಲ್ಪವಾಗಿ ದಿನಗಟ್ಟಲೆ, ತಿಂಗಳುಗಟ್ಟಲೆ ಪ್ರಾರ್ಥಿಸುತ್ತಿರಿ ಎಂದು ಮ್ಯಾಕ್‌ನಟ್ ಆಗಲೇ ಹೇಳಿದ್ದರು. ಅಷ್ಟು ಕಾಲ ಜೊತೆಗಿರಲು ಆಗುವುದು ಮನೆಯವರಿಗೆ, ನೆರೆಯವರಿಗೆ.